ನಾಲ್ಕು ಸೆಕೆಂಡಿನ ಕ್ಷಮೆ

ಚಿಪ್ರೊವ್ತ್ಸಿ
೧೨ ನವೆಂಬರ್ ೨೦೨೩

ಸ್ಟೊಯಿಲ್,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹ್ಞೂಂ ಅಕ್ಕಾ, ಹ್ಞೂಂ’ ಎನ್ನುತ್ತ ಇನ್ನೊಂದು ಪರದೆ ನೋಡುತ್ತಿರುತ್ತೀ. ನಿನ್ನ ಬೆರಳುಗಳ ಟಕಟಕ ನನಗೆ ಕೇಳಿಸುತ್ತದೆ. ಕಾಗದ ಹಿಡಿಯಲು ಕೈ ಬಿಡುವಾಗಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ದೊಡ್ಡಮ್ಮ ಬ್ರೆಡ್ಡು ತರಲು ತಾನೇ ಹೋಗುತ್ತೇನೆಂದು ಹಟ ಹಿಡಿದಳು. ಕೈಲಾದ ಕೆಲಸ ಮಾಡಲಿ ಬಿಡಿ ಎಂದು ಡಾಕ್ಟರೂ ಹೇಳಿದ್ದರು. ಶಾಲೆಯಲ್ಲಿ ನನಗೆ ಮೊದಲ ಪಾಠ ಇರಲಿಲ್ಲ. ಹತ್ತು ಹೆಜ್ಜೆ ಹಿಂದೆ ನಡೆದೆ. ಅಂಗಡಿಯ ಸಾಲಿನಲ್ಲಿ ನಾಲ್ಕೈದು ಹೆಂಗಸರಿದ್ದರು. ಅವರಲ್ಲೊಬ್ಬಳು, ಹೆಸರು ಬೇಡ, ದೊಡ್ಡಮ್ಮನನ್ನು ಕಂಡದ್ದೇ, “ತಿನ್ನು ಮಗಾ ತಿನ್ನು, ಟೈ ಕಟ್ಟಿದ್ರೆ ಹೊಟ್ಟೆ ತುಂಬುತ್ತಾ?” ಎಂದಳು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಅಲ್ವೇ, ಅದು ನನ್ನ ಮಾತಲ್ವಾ? ನಿಂಗ್ಯಾರು ಹೇಳಿದ್ರು?”

ಆ ಹೆಂಗಸು ಕೆಟ್ಟವಳಲ್ಲ. ಸಂತೋಷಪಡಲಿ ಎಂದೇ ಫೋನು ತೆಗೆದು ತೋರಿಸಿದಳು.

ಅದರಲ್ಲಿ ಏನಿದೆ ಎಂದು ನಿನಗೆ ಹೇಳಬೇಕಾಗಿಲ್ಲ, ಆಗಸ್ಟಿನಲ್ಲಿ ತೆಗೆದು ಊರಿಗೆಲ್ಲ ಹಂಚಿದವನು ನೀನೇ. ಒಳಲಂಗದಲ್ಲಿ ಟೀವಿಯ ಮುಂದೆ ಮೊಣಕಾಲೂರಿ ಕೂತ ದೊಡ್ಡಮ್ಮ. ವಾರ್ತೆ ಓದುವವನು ಬಡಕಲಾಗಿದ್ದಾನೆಂದು ಚೀಸು ತುಂಬಿ ಬೇಯಿಸಿದ ಬನಿತ್ಸಾದ ತುಂಡನ್ನು ಗಾಜಿನ ಮೇಲೆ ಅವನ ಬಾಯಿಗೆ ಒತ್ತುತ್ತಿರುವುದು. ಗಾಜಿನ ತುಂಬ ಚೀಸು. ಆ ಹೆಂಗಸಿನ ಫೋನಿನಲ್ಲಿ ಇದ್ದದ್ದು ಅದನ್ನೇ ಬೇರೆಯವರು ತಿದ್ದಿ ಹಂಚಿದ್ದು. ಯಾರೋ ಅದಕ್ಕೆ ಕುಣಿತದ ವಾದ್ಯ ಸೇರಿಸಿದ್ದರು. ಮೂಲೆಯಲ್ಲೊಬ್ಬ ನಕ್ಕು ನಕ್ಕು ಕುರ್ಚಿಯಿಂದ ಬೀಳುತ್ತಿದ್ದ.

ದೊಡ್ಡಮ್ಮ ಅವನನ್ನು ನೋಡಲಿಲ್ಲ, ಟೀವಿಯನ್ನೂ ನೋಡಲಿಲ್ಲ. ಅವಳು ನೋಡಿದ್ದು ತನ್ನ ಕೂದಲನ್ನು. ಹೆಗಲ ಮೇಲೆ ಹರಡಿಕೊಂಡ ಬೆಳ್ಳಗಿನ ಕೂದಲು. ಅಮ್ಮ ಸತ್ತಾಗ ನಿನಗೆ ಐದು ವರ್ಷ, ನನಗೆ ಹದಿನಾಲ್ಕು. ಅಂದಿನಿಂದ ಅವಳ ಮನೆಯಲ್ಲೇ ಬೆಳೆದೆವು. ಈ ಮೂವತ್ತನಾಲ್ಕು ವರ್ಷಗಳಲ್ಲಿ ಅವಳು ತಲೆವಸ್ತ್ರವಿಲ್ಲದೆ ಬಾಗಿಲು ತೆರೆದದ್ದನ್ನು ನೀನು ನೋಡಿದ್ದೀಯಾ? ಈಗ ನಾನು ಸ್ನಾನ ಮಾಡಿಸುವಾಗಲೂ ‘ಆ ಕಡೆ ತಿರುಗೇ’ ಎನ್ನುತ್ತಾಳೆ. ಅವಳ ಕೈ ತಲೆಗೆ ಹೋಯಿತು. ವಸ್ತ್ರ ಇತ್ತು. ಆದರೂ ಗಂಟನ್ನು ಇನ್ನಷ್ಟು ಬಿಗಿದುಕೊಂಡಳು. ಬ್ರೆಡ್ಡು ಕೊಳ್ಳದೆ ಮನೆಗೆ ಬಂದಳು. ಒಲೆಯ ಪಕ್ಕ ಕೂತು ಒಂದೇ ಮಾತು ಹೇಳಿದಳು:

“ಸ್ಟೊಯಿಲ್‌ಗೆ ಹೇಳು. ಬಂದು ನನ್ನ ತಲೆ ಮುಚ್ಚಲಿ.”

ಅಂದಿನಿಂದ ಅವಳು ಗೇಟು ದಾಟಿಲ್ಲ.

ಆ ವಿಡಿಯೊವನ್ನು ತೆಗೆದುಹಾಕು. ಆಮೇಲೆ ಬಂದು ಅವಳ ಕೈ ಹಿಡಿದು ಕ್ಷಮೆ ಕೇಳು. ವಸಂತ ಬರುವಷ್ಟರಲ್ಲಿ ಮುಖಗಳು ಮರೆಯಲು ಶುರುವಾಗಬಹುದು ಎಂದು ಡಾಕ್ಟರು ಹೇಳುತ್ತಾರೆ. ಇವತ್ತಿಗೆ ಅವಳಿಗೆ ನಿನ್ನ ಹೆಸರು ಗೊತ್ತಿದೆ, ಮುಖ ಗೊತ್ತಿದೆ, ನೀನು ಮಾಡಿದ್ದೂ ಗೊತ್ತಿದೆ. ಈ ಮೂರೂ ಒಟ್ಟಿಗೆ ಇರುವ ದಿನಗಳು ಹೆಚ್ಚು ಉಳಿದಿಲ್ಲ.

ನಿನ್ನ ಅಕ್ಕ,
ನೆವ್ಯಾನಾ


ಸೋಫಿಯಾ
೨೮ ನವೆಂಬರ್ ೨೦೨೩

ಅಕ್ಕಾ,

ಹತ್ತು ವರ್ಷದಿಂದ ಕೈಯಲ್ಲಿ ಬರೆದಿಲ್ಲ. ಅಕ್ಷರ ಹೇಗಿದೆಯೋ ಹಾಗೆ ಓದಿಕೋ.

ಬ್ರೆಡ್ಡಿನಂಗಡಿಯ ಸಂಗತಿ ಓದಿ ನನಗೆ ಸಂಕಟವಾಯಿತು. ನಿಜವಾಗಿಯೂ ಆಯಿತು. ಆದರೆ ನೀನು ಬರೆದ ರೀತಿ ನೋಡಿದರೆ ನಾನೇನೋ ದೊಡ್ಡಮ್ಮನನ್ನು ಸಂತೆಗೆ ಒಯ್ದು ನಿಲ್ಲಿಸಿದಂತಿದೆ. ಅವತ್ತು ನಾನು ಹಾಕಿದ್ದು ಅವಳನ್ನು ಆಡಿಕೊಳ್ಳಲಿ ಎಂದಲ್ಲ. ಪರದೆಯಲ್ಲಿ ಕಂಡ ಅಪರಿಚಿತ ಹಸಿದಿದ್ದಾನೆಂದು ಉಣಿಸಲು ಹೋಗುವವಳು ಈಗ ಎಲ್ಲಿದ್ದಾಳೆ? ನಾಲ್ಕು ಮಿಲಿಯನ್ ಜನ ನೋಡಿದ್ದಾರೆ, ಅಕ್ಕ. ಅಂದರೆ ನಲವತ್ತು ಲಕ್ಷ. ಎಲ್ಲರೂ ನಗುತ್ತಿಲ್ಲ. ವಾರ್ನಾದ ಒಬ್ಬ ಬರೆದಿದ್ದಾನೆ: ಇದನ್ನು ನೋಡಿ ಆರು ವರ್ಷದ ನಂತರ ಅಜ್ಜಿಗೆ ಫೋನು ಮಾಡಿದೆ ಅಂತ. ಅದಕ್ಕೆ ಬೆಲೆ ಇಲ್ಲವಾ?

‘ಹೊಸ್ತಿಲು’ ಕಂಪನಿಯನ್ನು ನಾನು ಯಾಕೆ ಶುರುಮಾಡಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ನಿನಗೆ ಗೊತ್ತು. ನಿನ್ನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ತಾಯಂದಿರು ಇಟಲಿಯಲ್ಲೋ ಸ್ಪೇನಿನಲ್ಲೋ ಬೇರೆಯವರ ಮುದುಕರಿಗೆ ಅನ್ನ ಕಲಸಿ ಕೊಡುತ್ತಿದ್ದಾರೆ ಎಂದು ಹೇಳಿದವಳು ನೀನೇ. ಅವರ ಮನೆಯ ವಿಡಿಯೊ ಅವರ ಮನೆಯವರಿಗಷ್ಟೇ, ಹೊಸ್ತಿಲ ಒಳಗಿನವರಿಗಷ್ಟೇ ಕಾಣಬೇಕು ಅಂದೆ. ಹಾಗೇ ಕಟ್ಟಿದೆ. ಎರಡು ವರ್ಷ ಕಟ್ಟಿದೆ. ಒಬ್ಬರೂ ಕಾಸು ಕೊಡಲಿಲ್ಲ. ಹಣ ಹೂಡಲು ಬರ್ಲಿನ್ನಿನಿಂದ ಬಂದವರು ಎಲ್ಲ ನೋಡಿ, “ಚೆನ್ನಾಗಿದೆ, ಆದರೆ ಬಾಗಿಲು ಯಾಕೆ ಮುಚ್ಚಿದೆ?” ಎಂದರು. ತೆಗೆದೆ. ಎಂಟು ಜನ ನನ್ನನ್ನು ನಂಬಿ ಕೆಲಸಕ್ಕಿದ್ದಾರೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ವಿಡಿಯೊವನ್ನು ಈಗ ತೆಗೆಯಲಾಗುವುದಿಲ್ಲ. ಫೆಬ್ರವರಿಯಲ್ಲಿ ಹೂಡಿಕೆದಾರರಿಗೆ ತೋರಿಸುವಾಗ ಮೊದಲು ಬರುವುದೇ ಅದು. ಅದು ಮುಗಿದ ತಕ್ಷಣ ತೆಗೆಯುತ್ತೇನೆ. ಮಾತು ಕೊಟ್ಟಿದ್ದೇನೆ ಎಂದುಕೋ. ಕ್ರಿಸ್‌ಮಸ್ಸಿಗೆ ಬರುತ್ತೇನೆ. ಆಗ ಕ್ಷಮೆ ಕೇಳುತ್ತೇನೆ.

ನಿನ್ನ,
ಸ್ಟೊಯಿಲ್


ಚಿಪ್ರೊವ್ತ್ಸಿ
೧೦ ಜನವರಿ ೨೦೨೪

ಸ್ಟೊಯಿಲ್,

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ದೊಡ್ಡಮ್ಮ ರೊಟ್ಟಿ ಮುರಿದಳು. ಒಂದು ತುಂಡು ದೇವರಿಗೆ, ಒಂದು ಮನೆಗೆ, ಒಂದು ನನಗೆ, ಒಂದು ನಿನಗೆ. ನಿನ್ನ ತುಂಡನ್ನು ಕೈಯಲ್ಲೇ ಹಿಡಿದು ಬಾಗಿಲ ಕಡೆ ನೋಡುತ್ತ ಕೂತಳು. “ಬಸ್ಸು ತಡ ಆಗಿರ್ಬೇಕು,” ಎಂದಳು. ನಿನ್ನಿಂದ ಎರಡು ಸಾಲಿನ ಸಂದೇಶ ಬಂದಿತ್ತು, ಬರ್ಲಿನ್ನಿಗೆ ಹೋಗಬೇಕಾಗಿ ಬಂತು ಅಂತ. ನಾನು ಅವಳಿಗೆ ಓದಿ ಹೇಳಲಿಲ್ಲ. ಬಸ್ಸು ತಡವಾಗಿದೆ ಎಂದೇ ಇರಲಿ ಎಂದುಕೊಂಡೆ.

ವಾರ್ನಾದ ಹುಡುಗನ ಮಾತನ್ನು ನಾನೂ ಓದಿದ್ದೇನೆ. ಸುಳ್ಳು ಹೇಳಲಾರೆ, ಅದರ ಕೆಳಗಿನ ಎಲ್ಲವನ್ನೂ ಓದಿದ್ದೇನೆ. ಶಾಲೆಯಿಂದ ಬಂದು ಕೋಟು ಕೂಡ ಬಿಚ್ಚದೆ ಓದಿದ ದಿನಗಳಿವೆ. ಆ ಹುಡುಗನ ಮಾತು ನಿಜವಿರಬಹುದು. ಅದರ ಮೇಲೊಬ್ಬ ‘ಈ ಮುದುಕಿಯನ್ನು ಕಟ್ಟಿಹಾಕಿ’ ಎಂದಿದ್ದಾನೆ. ಕೆಳಗೊಬ್ಬಳು ಒಳಲಂಗದ ಬಗ್ಗೆ ಬರೆದದ್ದನ್ನು ನಾನು ಬರೆಯಲಾರೆ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಶಬ್ದ ತೆಗೆದು ಆ ವಿಡಿಯೊವನ್ನು ನಾನೂ ಮತ್ತೆ ಮತ್ತೆ ನೋಡಿದ್ದೇನೆ. ಕೊನೆಯಲ್ಲಿ ಅವಳು ಕ್ಯಾಮೆರಾದ ಕಡೆ, ಅಂದರೆ ನಿನ್ನ ಕಡೆ, ತಿರುಗಿ ನಗುತ್ತಾಳಲ್ಲ, ಆ ನಗು ಈಗ ಈ ಮನೆಯಲ್ಲಿಲ್ಲ. ನಿನ್ನ ಕಂಪನಿಯ ಅಂಗಳದಲ್ಲಿ ಮಾತ್ರ ಇದೆ. ಇದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಬೆಲೆ ಇಲ್ಲವಾ ಎಂದು ನೀನು ಕೇಳಿದ್ದೆ. ನನಗೆ ಗೊತ್ತಿರುವ ಒಂದು ಬೆಲೆ ಹೇಳುತ್ತೇನೆ.

ಪಕ್ಕದ ಮನೆಯ ತಿಂಕಾ ಹೊಸವರ್ಷ ಕಳೆದು ಮೂರನೆಯ ದಿನ ಏಪ್ರನ್ನಿನಲ್ಲಿ ಫೋನು ಸುತ್ತಿಕೊಂಡು ಬಂದಳು, ಗಾಯವಾದ ಕೋಳಿಮರಿಯನ್ನು ತಂದ ಹಾಗೆ. “ಟೀಚರಮ್ಮ, ನಮ್ಮ ಬಾಗ್ಲು ಎಲ್ಹೋಯ್ತು ನೋಡ್ರೀ,” ಎಂದಳು. ಅವಳ ಮಗಳು ಗಲ್ಯಾ ಇಟಲಿಯ ಬೊಲೊನ್ಯಾದಲ್ಲಿದ್ದಾಳೆ, ಮಗುವನ್ನು ಇಲ್ಲಿ ಬಿಟ್ಟು. ಎರಡು ವರ್ಷದಿಂದ ತಿಂಕಾ ನಿನ್ನ ‘ಹೊಸ್ತಿಲಿ’ನ ಮೂಲಕ ದಿನಕ್ಕೊಂದು ವಿಡಿಯೊ ತುಣುಕು ಕಳಿಸುತ್ತಿದ್ದಳು. ಮಗು ಎದ್ದು ನಿಂತದ್ದು, ಬಿದ್ದದ್ದು, ಮೊದಲ ಸಲ ‘ಅಮ್ಮ’ ಎಂದು ಫೋನಿಗೆ ಮುತ್ತು ಕೊಟ್ಟದ್ದು. ಗಲ್ಯಾ ಅದನ್ನು ಯಾರದೋ ಅಡುಗೆಮನೆಯಲ್ಲಿ, ಯಾರದೋ ಮುದುಕನ ಸೂಪು ಕುದಿಯುವ ಹೊತ್ತಿಗೆ ನೋಡುತ್ತಿದ್ದಳು. ಮನೆಯವರಷ್ಟೇ ನೋಡುವ ಆ ಒಳಮನೆಯನ್ನೇ ನೀವು ಮುಚ್ಚಿಬಿಟ್ಟಿದ್ದೀರಿ. ಮೂವತ್ತು ದಿನ ಮೊದಲೇ ತಿಳಿಸಿದ್ದಿರಂತೆ, ಇಂಗ್ಲಿಷಿನಲ್ಲಿ. ತಿಂಕಾ ಅದನ್ನು ಜಾಹೀರಾತೆಂದುಕೊಂಡಳಂತೆ.

“ಬೇರೆ ಕಡೆ ಇಟ್ಟಿರ್ತಾನೆ ಬಿಡ್ರಿ ನಿಮ್ಮ ತಮ್ಮ. ನಮ್ಮೂರ ಹುಡುಗ ಅಲ್ವಾ,” ಎಂದಳು.

ನಾನು ಹೌದೆಂದೆ.

ಸ್ಟೊಯಿಲ್, ನಿನ್ನ ಕೆಲಸದಲ್ಲಿ ಏನಾದರೂ ಸತ್ವ ಇದ್ದಿದ್ದರೆ ಅದು ತಿಂಕಾಳ ಆ ತುಣುಕುಗಳಲ್ಲಿತ್ತು. ಇಬ್ಬರು ನೋಡುವ ವಿಡಿಯೊ. ಅದು ಬರ್ಲಿನ್ನಿನವರಿಗೆ ತೋರಿಸುವಂಥದ್ದಲ್ಲ, ಆದ್ದರಿಂದ ನಿನಗೂ ಬೇಡವಾಯಿತು. ಉಳಿದ ನಲವತ್ತು ಲಕ್ಷ ಜನರಿಗೆ ನಮ್ಮ ದೊಡ್ಡಮ್ಮ ಇಲ್ಲದಿದ್ದರೆ ಒಂದು ಬೆಕ್ಕು ಸಾಕಿತ್ತು.

ಮಾರ್ಚ್ ೧೭ ಕ್ಷಮೆಯ ಭಾನುವಾರ. ಈಸ್ಟರಿನ ಉಪವಾಸಕ್ಕೆ ಮುಂಚೆ ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ‘ಕ್ಷಮಿಸಿಬಿಡು’ ಎನ್ನಬೇಕು. ಹಿರಿಯರು ‘ಕ್ಷಮಿಸಿದ್ದೇನೆ, ದೇವರೂ ಕ್ಷಮಿಸಲಿ’ ಎನ್ನಬೇಕು. ಯಾವ ತಪ್ಪು, ಯಾಕೆ ಮಾಡಿದೆ ಎಂದು ಬಿಡಿಸಿ ಹೇಳುವ ಕಷ್ಟವೂ ಇಲ್ಲ. ನಮ್ಮ ಜನ ನಿನ್ನಂಥವರಿಗಾಗಿಯೇ ಇದನ್ನು ಇಷ್ಟು ಸುಲಭ ಮಾಡಿಟ್ಟಿದ್ದಾರೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅವಳಿಗೆ ಈಗಲೂ ನೆನಪಿದೆ. ನಿನ್ನೆ ಕೂಡ ಕೇಳಿದಳು, “ತಲೆ ಮುಚ್ಚಿದ್ನಾ?” ಅಂತ.

ಬಾ.

ನೆವ್ಯಾನಾ


ಚಿಪ್ರೊವ್ತ್ಸಿ
೧೮ ಮಾರ್ಚ್ ೨೦೨೪

ಸ್ಟೊಯಿಲ್,

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುವೆ ನಿಲ್ಲಿಸದೆ ಓದು.

ಬೆಳಿಗ್ಗೆಯೇ ಬನಿತ್ಸಾ ಬೇಯಿಸಿದೆ. ಅಕ್ರೋಟು ಹಾಕಿದ ಬಿಳಿ ಹಲ್ವಾ ತಂದಿಟ್ಟೆ. ದೊಡ್ಡಮ್ಮ ಮದುವೆಗಳಿಗೆ ಕಟ್ಟುತ್ತಿದ್ದ ಹೂವಿನಂಚಿನ ತಲೆವಸ್ತ್ರ ಕೇಳಿ ತರಿಸಿಕೊಂಡಳು. ಅದನ್ನು ಕಟ್ಟಿಕೊಂಡು ಮಗ್ಗದ ಪಕ್ಕದ ಕುರ್ಚಿಯಲ್ಲಿ, ಬಾಗಿಲಿಗೆ ಎದುರಾಗಿ ಕೂತಳು. “ಅಷ್ಟು ಬೇಗ ಕ್ಷಮಿಸಲ್ಲ ನಾನು,” ಎಂದಳು. “ಮೊದ್ಲು ಕಿವಿ ಹಿಂಡ್ತೀನಿ. ಆಮೇಲೆ ನೋಡೋಣ.” ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ಇಂಥ ಮಾತು ಕೇಳಿ ನನಗೂ ಹುರುಪು ಬಂತು.

ನಾಲ್ಕು ಗಂಟೆಗೆ ತಿಂಕಾ ಓಡಿಬಂದಳು.

“ಅಯ್ಯೋ ಟೀಚರಮ್ಮ, ಕೂತೇ ಇದ್ದೀರಲ್ಲ! ಸ್ಟೊಯಿಲ್ ಕೇಳಿದ್ದೂ ಆಯ್ತು, ನಿಮ್ಮ ದೊಡ್ಡಮ್ಮ ಕ್ಷಮಿಸಿದ್ದೂ ಆಯ್ತು. ಊರೆಲ್ಲಾ ನೋಡ್ತಾ ಇದೆ!”

ಫೋನಿನಲ್ಲಿ ನೀನು. ಬಿಳಿ ಅಂಗಿ, ಹಿಂದೆ ಕಿಟಕಿ, ಕಿಟಕಿಯಲ್ಲಿ ಹಿಮ. “ದೊಡ್ಡಮ್ಮಾ, ಕ್ಷಮಿಸಿಬಿಡು,” ಎಂದು ತಲೆ ತಗ್ಗಿಸಿದೆ. ಆಮೇಲೆ ದೊಡ್ಡಮ್ಮನ ಮುಖ. “ಕ್ಷಮಿಸಿದ್ದೇನೆ. ದೇವರೂ ಕ್ಷಮಿಸಲಿ.” ನಾಲ್ಕು ಸೆಕೆಂಡು. ಕೊನೆಗೆ ನಿನ್ನ ಕಂಪನಿಯ ಗುರುತು, ಮತ್ತೊಂದು ಸಾಲು: ಈ ವರ್ಷ ನೀವೂ ಕ್ಷಮೆ ಹಂಚಿಕೊಳ್ಳಿ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಯಾವಾಗ ಹೇಳಿದಳು, ಯಾರ ಹತ್ತಿರ ಹೇಳಿದಳು ಎಂದು ಯೋಚಿಸಿದೆ. ಆಮೇಲೆ ಅವಳ ಹಿಂದಿನ ಕಿಟಕಿಯ ನೀಲಿ ಪರದೆ ಕಂಡಿತು. ಅದನ್ನು ನಾನು ಕಳೆದ ಬೇಸಿಗೆಯಲ್ಲೇ ತೆಗೆದುಹಾಕಿದ್ದೇನೆ. ಅಂದರೆ ಇದು ಹಿಂದಿನ ವರ್ಷದ್ದು, ೨೦೨೩ರ ಕ್ಷಮೆಯ ಭಾನುವಾರದ್ದು. ಅಂದು ನೀನು ಮನೆಯಲ್ಲಿದ್ದೆ. ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ ಇಟ್ಟಿದ್ದೆ, ‘ನಮ್ಮ ಮನೆಯ ಒಳಗಷ್ಟೇ ಅಕ್ಕಾ’ ಎಂದಿದ್ದೆ.

ಅಂದು ಅವಳ ಮುಂದೆ ಮಂಡಿಯೂರಿದ್ದು ನಾನು.

ಯಾಕೆಂದು ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಆ ಜನವರಿಯಲ್ಲಿ ಅವಳು ಒಲೆ ಆರಿಸದೆ ಎರಡು ಸಲ ಮಲಗಿದ ಮೇಲೆ ನಾನು ಮೊಂತಾನಾ ಪಟ್ಟಣದ ವೃದ್ಧಾಶ್ರಮಕ್ಕೆ ಹೋಗಿ ಬಂದೆ. ಅವಳಿಗೆ ತಿಳಿಸದೆ ಅರ್ಜಿಯಲ್ಲಿ ಅವಳ ಹೆಸರು ಬರೆದೆ. ಚೀಲದಲ್ಲಿದ್ದ ಆ ಕಾಗದ ಅವಳ ಕೈಗೆ ಸಿಕ್ಕಿತು. ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆ ಭಾನುವಾರ ನಾನು ಅವಳ ಕೈ ಹಿಡಿದು ಮುತ್ತಿಟ್ಟೆ. ಆಮೇಲೆ ಹೇಳಿದಳು: “ಕ್ಷಮಿಸಿದ್ದೇನೆ, ನೆವ್ಯಾನ್ಕಾ. ದೇವರೂ ಕ್ಷಮಿಸಲಿ.”

ನಡುವೆ ನನ್ನ ಹೆಸರಿತ್ತು. ನಿನ್ನೆಯ ವಿಡಿಯೊದಲ್ಲಿ ಆ ಜಾಗದಲ್ಲಿ ಅವಳ ತಲೆ ಒಂದಿಷ್ಟು ಕುಪ್ಪಳಿಸುತ್ತದೆ, ಬಿಕ್ಕಳಿಕೆ ಬಂದ ಹಾಗೆ. ಅಲ್ಲಿ ಕತ್ತರಿಸಿದ್ದೀರಿ.

ಆ ಕ್ಷಮೆ ನನ್ನದು. ಅದಕ್ಕಾಗಿ ನಾನು ಒಂದು ತಿಂಗಳು ಕಾದಿದ್ದೆ.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ತಿಂಕಾ ಫೋನನ್ನು ದೊಡ್ಡಮ್ಮನ ಕಣ್ಣಿಗೂ ಹಿಡಿದಳು. ದೊಡ್ಡಮ್ಮ ಎರಡು ಸಲ ನೋಡಿದಳು. ನನ್ನ ಕಡೆ ತಿರುಗಿ, “ನಾನು ಯಾವಾಗ ಹೇಳ್ದೆ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಉತ್ತರ ಕೊಟ್ಟುಕೊಂಡಳು: “ಹೇಳಿರ್ಬೇಕು. ನನ್ನ ಮುಖಾನೇ ಅಲ್ವಾ. ಮರೆವು ನಂದು.”

ಎದ್ದು ಒಳಗೆ ಹೋಗಿ ಹೂವಿನಂಚಿನ ವಸ್ತ್ರ ಬಿಚ್ಚಿ ಮಡಿಸಿಟ್ಟು, ಹಳೆಯದನ್ನು ಕಟ್ಟಿಕೊಂಡು ಬಂದಳು. ಕಿವಿ ಹಿಂಡುವ ಮಾತು ಮತ್ತೆ ಎತ್ತಲಿಲ್ಲ. ತಾನೇ ಕ್ಷಮಿಸಿ ತಾನೇ ಮರೆತೆ ಎಂದು ನಂಬಿಕೊಂಡಿದ್ದಾಳೆ. ಅವಳ ರೋಗವನ್ನು ನೀನು ಸಾಕ್ಷಿಗೆ ನಿಲ್ಲಿಸಿಕೊಂಡೆ.

ಇನ್ನು ಬರೆಯಬೇಡ.

ನೆವ್ಯಾನಾ


ಸೋಫಿಯಾ
೨ ಏಪ್ರಿಲ್ ೨೦೨೪

ಅಕ್ಕಾ,

ಬರೆಯಬೇಡ ಎಂದಿದ್ದೀ. ಇದೊಂದು.

ಯಂತ್ರ ತಾನಾಗಿ ಜೋಡಿಸಿತು ಎಂದು ಹೇಳೋಣವೆಂದುಕೊಂಡಿದ್ದೆ. ಪತ್ರವನ್ನು ಹಾಗೇ ಬರೆದೂ ಇದ್ದೆ, ಹರಿದುಹಾಕಿದೆ. ನಮ್ಮ ಹುಡುಗಿಯೊಬ್ಬಳು ಹಳೆಯ ತುಣುಕುಗಳಲ್ಲಿ ಹುಡುಕಿ ತಂದಳು. “ಇದ್ರಲ್ಲಿ ಒಂದು ಹೆಸ್ರಿದೆ, ಏನ್ಮಾಡ್ಲಿ?” ಎಂದು ಕೇಳಿದಳು. ಹೆಸರು ನನಗೂ ಕೇಳಿಸಿತು. ನಾನೇ ಕತ್ತರಿಸು ಎಂದೆ.

ಆ ವಾರ ಶುಕ್ರವಾರದವರೆಗೂ ಬರಬೇಕೆಂದೇ ಇದ್ದೆ. ಟಿಕೆಟ್ಟು ಕೂಡ ತೆಗೆದಿದ್ದೆ. ಆದರೆ ಅವಳು ಎಲ್ಲಿ ‘ಕ್ಷಮಿಸಲ್ಲ’ ಎನ್ನುತ್ತಾಳೋ ಎಂಬ ಭಯ. ನಲವತ್ತು ಲಕ್ಷ ಜನರ ಮುಂದೆ ಹೆದರದವನು ಆ ಒಂದು ಕುರ್ಚಿಯ ಮುಂದೆ ಹೆದರಿದೆ. ಇದನ್ನು ನೀನು ನಂಬಬೇಕಾಗಿಲ್ಲ.

ಒಂದು ಮಾತು ಕೇಳಲೇಬೇಕು. ಮೊಂತಾನಾದ ವಿಷಯವನ್ನು ನನಗೆ ಯಾಕೆ ಹೇಳಲಿಲ್ಲ? ಒಲೆಯ ವಿಷಯವನ್ನು? ಎಲ್ಲವನ್ನೂ ನೀನೊಬ್ಬಳೇ ಹೊತ್ತುಕೊಂಡು, ಆಮೇಲೆ ನಾನು ಬರಲಿಲ್ಲ ಎಂದು ಬೈಯುವುದಕ್ಕೆ ಕಾದು ಕೂರುತ್ತೀ. ನನ್ನ ಪಾಲಿನ ಭಾರವನ್ನು ನೀನು ನನಗೆ ಯಾವತ್ತೂ ಕೊಟ್ಟಿಲ್ಲ. ಬೈಗುಳವನ್ನು ಮಾತ್ರ ಕೊಟ್ಟಿದ್ದೀ.

ಸ್ಟೊಯಿಲ್


ಸೋಫಿಯಾ
೧೫ ಅಕ್ಟೋಬರ್ ೨೦೨೪

ಅಕ್ಕಾ,

‘ಹೊಸ್ತಿಲು’ ಮುಚ್ಚಿತು. ಪತ್ರಿಕೆಯಲ್ಲಿ ಬರುವಷ್ಟು ದೊಡ್ಡ ಸುದ್ದಿಯಲ್ಲ, ಆದ್ದರಿಂದ ನಾನೇ ತಿಳಿಸುತ್ತಿದ್ದೇನೆ.

ನಾವು ಒಂದು ವರ್ಷ ಕೂತು ಮಾಡಿದ್ದನ್ನು, ಒಬ್ಬರ ವಿಡಿಯೊಗೆ ಇನ್ನೊಬ್ಬರು ತಮ್ಮದನ್ನು ಅಂಟಿಸಿ ಹಂಚುವುದನ್ನು, ಜಗತ್ತೆಲ್ಲ ಬಳಸುವ ದೊಡ್ಡ ಕಂಪನಿಯೊಂದು ಜೂನ್ ತಿಂಗಳಲ್ಲಿ ತನ್ನದರೊಳಗೆ ಒಂದು ಗುಂಡಿಯಾಗಿ ಸೇರಿಸಿತು. ಅವರಿಗೆ ಅದು ಒಂದು ವಾರದ ಕೆಲಸವಂತೆ. ನಮ್ಮದನ್ನು ಬಳಸುತ್ತಿದ್ದವರೆಲ್ಲ ಅಲ್ಲಿಗೆ ಹೋದರು. ಬರ್ಲಿನ್ನಿನವರು ಬಹಳ ಮರ್ಯಾದೆಯಿಂದ ಕೈಕುಲುಕಿ ಎದ್ದರು. ಕೊನೆಯ ದಿನ ಎಂಟು ಕುರ್ಚಿಗಳನ್ನು ಯಾರೋ ಬಂದು ಒಯ್ದರು. ಖಾಲಿ ಕೋಣೆಯಲ್ಲಿ ನಿಂತು, ನಾವು ಇಲ್ಲದಿರುವುದರಿಂದ ನಾಳೆ ಯಾರಿಗೆ ಏನು ಕಡಿಮೆಯಾಗುತ್ತದೆ ಎಂದು ಯೋಚಿಸಿದೆ. ತಿಂಕಾಳ ಹೆಸರು ಮಾತ್ರ ಹೊಳೆಯಿತು. ಅವಳಿಗೆ ನಾವು ಮೊದಲೇ ಇಲ್ಲವಾಗಿದ್ದೆವು.

ಬೀಗದ ಕೈ ಕೊಡುವ ಮುಂಚೆ ಅವಳ ತುಣುಕುಗಳನ್ನು ಹುಡುಕಿದೆ. ಒಂದೂ ಉಳಿದಿಲ್ಲ. ಜಾಗ ಉಳಿಸಲು ಅಳಿಸಿದ್ದೆವು. ದೊಡ್ಡಮ್ಮನ ಎರಡೂ ವಿಡಿಯೊಗಳನ್ನು ನಮ್ಮ ಕಡೆಯಿಂದ ತೆಗೆದಿದ್ದೇನೆ. ಆದರೆ ಟೀವಿಯದ್ದು ಬೇರೆಯವರ ಹತ್ತಿರ ಸಾವಿರ ಕಡೆ ಇದೆ. ಅದನ್ನು ನಾನು ಮಾತ್ರವಲ್ಲ, ಯಾರೂ ತೆಗೆಯಲಾರರು.

ದೊಡ್ಡಮ್ಮ ಹೇಗಿದ್ದಾಳೆ?

ಸ್ಟೊಯಿಲ್


ಚಿಪ್ರೊವ್ತ್ಸಿ
೩ ನವೆಂಬರ್ ೨೦೨೪

ಸ್ಟೊಯಿಲ್,

ಬದುಕಿದ್ದಾಳೆ. ಉಳಿದದ್ದನ್ನು ಬಂದು ನೋಡು. ಪತ್ರದಲ್ಲಿ ತಿಳಿದುಕೊಳ್ಳುವಷ್ಟು ಹಕ್ಕು ನಿನಗೆ ಉಳಿದಿಲ್ಲ.

ತುಣುಕುಗಳು ಅಳಿಸಿಹೋದದ್ದನ್ನು ತಿಂಕಾಗೆ ನಾನೇ ಹೇಳಿದೆ. “ಹೋಗ್ಲಿ ಬಿಡ್ರಿ, ಮಗು ಇದೆಯಲ್ಲ,” ಎಂದಳು. ಗಲ್ಯಾ ಮೂರು ದಿನ ಫೋನು ಎತ್ತಲಿಲ್ಲವಂತೆ.

ನೀನು ಭಾರದ ಮಾತು ಬರೆದಿದ್ದೆ. ನೀನು ಹೇಳಿದ್ದು ನಿಜ. ಆದರೂ ನಾನು ಉತ್ತರ ಕೊಡುವುದಿಲ್ಲ.

ನೆವ್ಯಾನಾ


ಚಿಪ್ರೊವ್ತ್ಸಿ
೯ ಮಾರ್ಚ್ ೨೦೨೫

ಸ್ಟೊಯಿಲ್,

ಹೋದ ಭಾನುವಾರ, ಈ ವರ್ಷದ ಕ್ಷಮೆಯ ಭಾನುವಾರ, ನೀನು ಬಂದೆ. ಈ ಸಲ ಟಿಕೆಟ್ಟು ತೆಗೆದು ಬಸ್ಸನ್ನೂ ಹತ್ತಿದೆ. ಗೇಟಿನಲ್ಲಿ ನಿನ್ನನ್ನು ಕಂಡಾಗ ಒಂದು ಕ್ಷಣ ನನಗೂ ಗುರುತು ಸಿಗಲಿಲ್ಲ. ಕೂದಲು ಅಷ್ಟು ಬೆಳ್ಳಗಾಗಿದೆ. ಅದನ್ನು ನಿನಗೆ ಹೇಳಲಿಲ್ಲ, ಕಾಲೊರಸಿಕೊಂಡು ಬಾ ಎಂದಷ್ಟೇ ಹೇಳಿದೆ.

ನೀನು ಒಳಗೆ ಬಂದಾಗ ಅವಳು ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತಿದ್ದಳು. ಈಗ ನೇಯುವುದಿಲ್ಲ, ಸಾಲು ಇಡುತ್ತಾಳೆ, ಕೆಡಿಸುತ್ತಾಳೆ. ನಿನ್ನ ಕಡೆ ನೋಡಿ, “ಉಣ್ಣೆ ಕೊಳ್ಳೋಕೆ ಬಂದ್ರಾ? ಈ ವರ್ಷ ಇಲ್ಲಪ್ಪ,” ಎಂದಳು. ‘ಬಂದ್ರಾ’ ಎಂದದ್ದು ನಿನಗೆ ನಾಟಿತು. ಹೊರಗಿನವರನ್ನಷ್ಟೇ ಅವಳು ಹಾಗೆ ಕರೆಯುವುದು.

ನೀನು ಮಂಡಿಯೂರಿ ಅವಳ ಕೈ ಹಿಡಿದೆ. “ದೊಡ್ಡಮ್ಮಾ, ಕ್ಷಮಿಸಿಬಿಡು.”

ವಾಡಿಕೆಯ ಉತ್ತರ ಅವಳ ನಾಲಿಗೆಯ ಮೇಲೆ ಇದೆ. ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಾಳೆ, ಚಮಚ ಬಿದ್ದರೂ ಹೇಳುತ್ತಾಳೆ. ನಿನಗೂ ಹೇಳಿಬಿಡುತ್ತಾಳೆ ಎಂದುಕೊಂಡೆ. ಆದರೆ ಅಪರಿಚಿತನೊಬ್ಬ ಹೀಗೆ ಕಾಲ ಬುಡದಲ್ಲಿ ಕೂತದ್ದು ಕಂಡು ಅವಳಿಗೆ ನಿಜಕ್ಕೂ ಗಾಬರಿಯಾಯಿತು. ಬಾಗಿ ನಿನ್ನ ಮುಖ ನೋಡಿದಳು. “ಏನಪ್ಪಾ ಮಾಡ್ದೆ?” ಎಂದು ಕೇಳಿದಳು.

ಯಾರೂ ಕೇಳದ ಪ್ರಶ್ನೆ ಅದು. ನೀನು ನನ್ನ ಕಡೆ ತಿರುಗಿದೆ. ನಾನು ಸಹಾಯ ಮಾಡಲಿಲ್ಲ.

ಆಮೇಲೆ ನೀನು ಹೇಳಿದೆ. ಒಬ್ಬ ಮುದುಕಿ ಇದ್ದಳು, ನನ್ನನ್ನು ಸಾಕಿದವಳು, ಅವಳ ತಲೆ ತೆರೆದಿದ್ದಾಗ ಊರಿಗೆಲ್ಲ ತೋರಿಸಿದೆ ಎಂದೆ. ಅವಳು ಕ್ಷಮಿಸದೆಯೇ ಕ್ಷಮಿಸಿದ್ದಾಳೆಂದು ತೋರಿಸಿದೆ ಎಂದೆ. ಕ್ಯಾಮೆರಾ ಇಲ್ಲದೆ ನೀನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಹದಿನೈದು ವರ್ಷದಿಂದ ಕೇಳಿರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಒಂದು ಸಲ “ಛೆ” ಎಂದಳು. “ತಲೆ ತೆರ್ದಿದ್ದಾಗ್ಲಾ?” ಎಂದು ಮತ್ತೊಮ್ಮೆ ಕೇಳಿ ತನ್ನ ಗಂಟು ಮುಟ್ಟಿಕೊಂಡಳು. ನಿನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ನನ್ನ ಹತ್ರ ಯಾಕಪ್ಪ ಕೇಳ್ತೀಯ? ನಾನು ಹೆಂಗೆ ಕ್ಷಮಿಸ್ಲಿ? ಆ ಹೆಂಗಸನ್ನೇ ಹೋಗಿ ಕೇಳು. ಬದುಕಿದ್ದಾಳಾ?”

ನೀನು ಹೌದೆಂದು ತಲೆಯಾಡಿಸಿದೆ.

“ಮತ್ತೆ ಇನ್ನೇನು ಕೂತಿದ್ದೀಯ? ಏಳು, ಏಳು. ಕತ್ತಲಾಗೋದ್ರೊಳಗೆ ಹೋಗು.”

ನೀನು ಎದ್ದೆ. ಬಾಗಿಲ ಬಳಿ ನನ್ನ ಕೈಯನ್ನೂ ಹಿಡಿಯಲು ಬಂದೆ. ನಾನೂ ನಿನಗಿಂತ ಹಿರಿಯಳೇ ಅಲ್ಲವೇ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅದನ್ನು ಒಂದು ವಾರದಿಂದ ಯೋಚಿಸುತ್ತಿದ್ದೇನೆ. ತಪ್ಪಾಯಿತು ಎಂದು ಇನ್ನೂ ಅನ್ನಿಸಿಲ್ಲ. ಅನ್ನಿಸಿದರೆ ಬರೆಯುತ್ತೇನೆ. ನೀನು ಊಟ ಮಾಡದೆ ಹೋದದ್ದು ಮಾತ್ರ ಸರಿಯಲ್ಲ.

ಈ ಕಾಗದ ಬರೆಯಲು ಬೇರೆ ಕಾರಣವಿದೆ. ಅವಳು ನಿನ್ನ ಮುಖವನ್ನಾಗಲೇ ಮರೆತಿದ್ದಾಳೆ, ನೀನು ಬಂದ ದಿನವನ್ನೂ ಮರೆತಿದ್ದಾಳೆ. ಆದರೆ ಹೇಗೋ ಏನೋ, ಆ ಒಂದು ಚಿಂತೆ ಅವಳಲ್ಲಿ ಉಳಿದುಬಿಟ್ಟಿದೆ. ದಿನಕ್ಕೆರಡು ಸಲ ಕೇಳುತ್ತಾಳೆ: “ಆ ಮನುಷ್ಯ ಒಬ್ಬ ಹೆಂಗಸನ್ನ ಹುಡುಕ್ತಿದ್ನಲ್ಲ, ಸಿಕ್ಕಿದ್ಳಾ?” ಸೋಮವಾರ ನಾನು ಹೌದು, ಸಿಕ್ಕಿದಳು ಎಂದೆ. ಅವಳ ಮುಖ ಅರಳಿತು. “ಕ್ಷಮಿಸಿದ್ಳಾ?” ಎಂದಳು.

ಹೌದು ಎಂದುಬಿಡಬಹುದಿತ್ತು. ಅವಳಿಗೆ ನೆಮ್ಮದಿಯಾಗುತ್ತಿತ್ತು, ನಿನಗೂ ಇಷ್ಟವಾಗುತ್ತಿತ್ತು. ನನ್ನ ಬಾಯಿಯವರೆಗೂ ಬಂತು. ಆಗ ನೀನು ನನ್ನ ಹೆಸರನ್ನು ‘ಕತ್ತರಿಸು’ ಎಂದ ಗಳಿಗೆ ಹೇಗಿದ್ದಿರಬಹುದೆಂದು ನನಗೆ ತಿಳಿಯಿತು. ಎಷ್ಟು ಸಲೀಸು ಅದು, ಎಷ್ಟು ಒಳ್ಳೆಯದರಂತೆ ಕಾಣುತ್ತದೆ.

“ಇಲ್ಲ ದೊಡ್ಡಮ್ಮ, ತಪ್ಪು ಹೇಳ್ದೆ. ಇನ್ನೂ ಸಿಕ್ಕಿಲ್ಲ, ಹುಡುಕ್ತಾನೇ ಇದ್ದಾನೆ,” ಎಂದೆ.

ಅವಳು ನಿಟ್ಟುಸಿರು ಬಿಟ್ಟಳು. “ಪಾಪ,” ಎಂದಳು. “ಮನೆ ಕಡೆನೇ ಹುಡುಕು ಅಂತ ಹೇಳೇ ಅವ್ನಿಗೆ. ಮುದುಕಿಯರು ಎಲ್ಲಿಗೆ ಹೋಗ್ತಾರೆ?”

ಹೇಳಿದ್ದೇನೆ.

ನೆವ್ಯಾನಾ